ಮೆಟ್ಟಿಲಾದ ಬೆಟ್ಟ

ಉತ್ತರ ವೇಲ್ಸಿನ ಲಾನ್‌ಬೆರಿಸ್ ಪುಟ್ಟ ಊರು. ಒಂದೇ ಒಂದು ದೊಡ್ಡ ಬೀದಿ, ಅದರ ಎರಡೂ ಕಡೆ ಹಳದಿ, ನೀಲಿ, ಗುಲಾಬಿ ಬಣ್ಣ ಬಳಿದುಕೊಂಡ ಮನೆಗಳು. ಇಲ್ಲಿ ಬಸ್ಸಿಳಿಯುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಸ್ನೋಡನ್. ವೇಲ್ಸಿನ ಅತಿ ಎತ್ತರದ ಶಿಖರ ಅದು, 1,085 ಮೀಟರ್. ಹತ್ತಲಾರದವರಿಗೆ 1896ರಿಂದಲೂ ಹಲ್ಲುಹಳಿಯ ಪುಟಾಣಿ ರೈಲು ಓಡುತ್ತಿದೆ. ಅದರ ಟಿಕೆಟ್ಟಿನ ಸಾಲಿನಲ್ಲಿ ನಿಂತವರು ಊರ ಪಕ್ಕದ ಕೆರೆಯ ಕಡೆಗೆ ತಿರುಗಿದರೆ ಇನ್ನೊಂದು ಬೆಟ್ಟ ಕಾಣುತ್ತದೆ. ಅದರ ಹೆಸರು ಎಲಿಡಿರ್. ಕೆರೆಯಂಚಿನಿಂದ ಮೋಡದವರೆಗೂ ಯಾರೋ ಮೆಟ್ಟಿಲು ಕಡಿದಿಟ್ಟಿದ್ದಾರೆ. ಒಂದೊಂದು ಮೆಟ್ಟಿಲು ಸುಮಾರು 20 ಮೀಟರ್ ಎತ್ತರ. ಮೆಟ್ಟಿಲುಗಳ ಅಂಚಿನಿಂದ ಕೆಳಕ್ಕೆ ನೇರಳೆ ಬೂದುಬಣ್ಣದ ಕಲ್ಲುಚೂರಿನ ರಾಶಿಗಳು ಸುರಿದು ನಿಂತಿವೆ. ನನಗೆ ಬೇಕಾಗಿದ್ದದ್ದು ಇದು. ಡಿನಾರ್ವಿಗ್ ಸ್ಲೇಟು ಕ್ವಾರಿ.

ಸ್ಲೇಟು ಎಂದರೆ ನಮ್ಮ ಪೀಳಿಗೆಗೆ ಮರದ ಚೌಕಟ್ಟು, ಬಳಪ, ಉಗುಳು ಹಚ್ಚಿ ಒರೆಸುವ ಅಂಗೈ. ನಮ್ಮ ಕಡೆಯ ಶಾಲೆಗಳಿಗೆ ಆಂಧ್ರದ ಮಾರ್ಕಾಪುರದ ಸ್ಲೇಟು ಬರುತ್ತಿತ್ತು. ವೇಲ್ಸಿನವರಿಗೆ ಸ್ಲೇಟು ಎಂದರೆ ಮೊದಲು ಸೂರು. ರೋಮನ್ನರು ಕಾರ್ನಾರ್ವನ್ ಬಳಿ ಕಟ್ಟಿದ ಕೋಟೆಯಲ್ಲೇ ಈ ಕಲ್ಲಿನ ಹೆಂಚು ಬಳಸಿದ್ದರು. ಆದರೆ ಅದು ಊರಿನ ಮಟ್ಟದ ಕಸುಬು. ಅದನ್ನು ಉದ್ಯಮ ಮಾಡಿದ್ದು ಹತ್ತಿಗಿರಣಿಗಳ ಕಾಲ. ಮ್ಯಾಂಚೆಸ್ಟರ್, ಲಿವರ್‌ಪೂಲ್‌ಗಳಲ್ಲಿ ಕೂಲಿಯವರ ಮನೆಗಳು ಸಾಲುಸಾಲಾಗಿ ಎದ್ದವು. ಎಲ್ಲಕ್ಕೂ ಹಗುರವಾದ, ಬೆಂಕಿ ಹಿಡಿಯದ, ನೀರು ಕುಡಿಯದ ಸೂರು ಬೇಕಿತ್ತು. 1842ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಬೆಂಕಿ ಬಿದ್ದ ಮೇಲೆ ಅಲ್ಲಿಗೂ ವೇಲ್ಸಿನ ಸ್ಲೇಟು ಹಡಗೇರಿತು.

ಡಿನಾರ್ವಿಗ್‌ನಲ್ಲಿ ಕ್ವಾರಿ ಶುರುವಾದದ್ದು 1787ರಲ್ಲಿ. ಬೆಟ್ಟ ಆಶ್ಟನ್ ಸ್ಮಿತ್ ಎಂಬ ಜಮೀನ್ದಾರ ಮನೆತನದ್ದು. ಮೊದಲು ಗೇಣಿಗೆ ಕೊಟ್ಟಿದ್ದರು. ಲಾಭದ ರುಚಿ ಹತ್ತಿದ ಮೇಲೆ ತಾವೇ ಕೈಹಾಕಿದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಕ್ವಾರಿ 700 ಎಕರೆಗೆ ಹರಡಿತ್ತು. 3,000ಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರು, ವರ್ಷಕ್ಕೆ 1 ಲಕ್ಷ ಟನ್ ಸ್ಲೇಟು ಹೊರಬೀಳುತ್ತಿತ್ತು. ಪಕ್ಕದ ಬೆಥೆಸ್ಡಾದ ಪೆನ್ರಿನ್ ಕ್ವಾರಿಯನ್ನು ಬಿಟ್ಟರೆ ಜಗತ್ತಿನಲ್ಲೇ ಇದಕ್ಕಿಂತ ದೊಡ್ಡದಿರಲಿಲ್ಲ. ಆ ಪೆನ್ರಿನ್ನಿನ ಮೂಲ ಬಂಡವಾಳ ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರನ್ನು ದುಡಿಸಿ ಬಂದದ್ದು. ಅದು ಬೇರೆಯೇ ಕತೆ.

ಈ 1 ಲಕ್ಷ ಟನ್ನಿನ ಇನ್ನೊಂದು ಮುಖ ನನ್ನೆದುರು ನಿಂತಿತ್ತು. ಸ್ಲೇಟು ಬಹಳ ದಂಡದ ವ್ಯಾಪಾರ. ಮಾರಾಟಕ್ಕೆ ಲಾಯಕ್ಕಾದ 1 ಟನ್ ತೆಗೆಯಬೇಕಾದರೆ ಹತ್ತು ಟನ್ನಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಲ್ಲು ಕಸವಾಗುತ್ತದೆ. ಬಿರುಕು ಬಿಟ್ಟದ್ದು, ಬಣ್ಣ ಕೆಟ್ಟದ್ದು, ಸೀಳುವಾಗ ಮುರಿದದ್ದು ಎಲ್ಲವೂ ಟ್ರಾಲಿಯೇರಿ ಮೆಟ್ಟಿಲಿನ ಅಂಚಿನಿಂದ ಕೆಳಕ್ಕೆ. ಹೀಗಾಗಿ ಆ ಜನರ ದುಡಿಮೆಯಲ್ಲಿ ಹೆಚ್ಚಿನ ಪಾಲು ಎಲ್ಲಿಗೂ ಹೋಗಲಿಲ್ಲ. ಮಾರಿದ್ದು ಹ್ಯಾಂಬರ್ಗ್, ಲಿವರ್‌ಪೂಲ್ ಸೇರಿತು. ಮಾರದ್ದು, ಅಂದರೆ ಮುಖ್ಯ ಭಾಗ, ಇಲ್ಲೇ ಇದೆ. ನನ್ನ ಮಟ್ಟಿಗೆ ಈ ಕ್ವಾರಿಯ ನಿಜವಾದ ಸ್ಮಾರಕ ಈ ಕಸವೇ.

ಕೆರೆ ದಂಡೆಯಲ್ಲಿ ಕ್ವಾರಿಯ ಹಳೆಯ ಕಾರ್ಯಾಗಾರವಿದೆ. 1870ರ ಕಟ್ಟಡ, ನಡುವೆ ಅಂಗಳ, ಸುತ್ತ ಕುಲುಮೆ, ಎರಕದ ಮನೆ, ಮರಗೆಲಸದ ಕೋಣೆ, ಲೋಕೋ ಶೆಡ್ಡು. ಕ್ವಾರಿಗೆ ಬೇಕಾದ ಮೊಳೆಯಿಂದ ಹಿಡಿದು ರೈಲಿನ ಚಕ್ರದವರೆಗೆ ಎಲ್ಲವನ್ನೂ ಇಲ್ಲೇ ಮಾಡಿಕೊಳ್ಳುತ್ತಿದ್ದರು. ಯಂತ್ರಗಳನ್ನು ತಿರುಗಿಸುತ್ತಿದ್ದದ್ದು 15 ಮೀಟರಿಗೂ ಮಿಕ್ಕ ವ್ಯಾಸದ ನೀರುಚಕ್ರ. ಕಾರ್ನಾರ್ವನ್ನಿನ ಡಿ ವಿಂಟನ್ ಕಂಪನಿ ಮಾಡಿಕೊಟ್ಟದ್ದು. 1925ರಲ್ಲಿ ಅದರ ಕೆಲಸವನ್ನು ಪೆಲ್ಟನ್ ಚಕ್ರ ವಹಿಸಿಕೊಂಡಿತು, ಆದರೂ ಹಳೆಯದು ಈಗಲೂ ತಿರುಗುತ್ತದೆ. ಈಗ ಇದು ರಾಷ್ಟ್ರೀಯ ಸ್ಲೇಟು ಮ್ಯೂಸಿಯಂ. ನವೀಕರಣಕ್ಕೆಂದು ಬಾಗಿಲು ಹಾಕುವ ಮುಂಚೆ ನೋಡುವ ಭಾಗ್ಯ ನನ್ನದಾಯಿತು.

ಒಳಗೆ ಒಬ್ಬ ಹಿರಿಯರು ಸ್ಲೇಟು ಸೀಳಿ ತೋರಿಸುತ್ತಿದ್ದರು. ತಗ್ಗು ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಎರಡಂಗುಲ ದಪ್ಪದ ತುಂಡನ್ನು ತೊಡೆಗೆ ಒರಗಿಸಿಕೊಂಡರು. ಅಗಲ ಬಾಯಿಯ, ತೆಳು ಅಂಚಿನ ಉಳಿಯನ್ನು ಕಲ್ಲಿನ ನಡುಮಧ್ಯಕ್ಕೆ ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ಎರಡು ಏಟು. ಜೋರು ಏಟಲ್ಲ, ಬಾಗಿಲು ತಟ್ಟುವಷ್ಟು. ಆಮೇಲೆ ಉಳಿಯನ್ನು ತುಸು ಓರೆ ಮಾಡಿದರು. ಅಂಟಿಕೊಂಡಿದ್ದ ಪುಸ್ತಕದ ಹಾಳೆ ಬಿಟ್ಟುಕೊಂಡಂತೆ ಕಲ್ಲು ಎರಡಾಯಿತು. ಯಾವಾಗಲೂ ಅರ್ಧಕ್ಕೇ ಸೀಳಬೇಕಂತೆ. ಎರಡು, ನಾಲ್ಕು, ಎಂಟು. ಒಂದು ಬದಿಯಿಂದ ತೆಳುವಾಗಿ ತೆಗೆಯಹೋದರೆ ತೆಳ್ಳನೆಯ ಭಾಗ ಮುರಿಯುತ್ತದೆ. ಕಲ್ಲು ಹೊಸದಾಗಿರಬೇಕು, ತೇವ ಆರಿರಬಾರದು. ಕೊನೆಗೆ ಅಂಚನ್ನು ಕತ್ತಿಯಂಥ ಅಲಗಿನಿಂದ ಚಕಚಕನೆ ಕತ್ತರಿಸಿ ಚೌಕ ಮಾಡಿದರು. ಬಿಸ್ಕತ್ತು ಮುರಿದ ಸದ್ದು. ಮುಗಿದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಹತ್ತಿರ ಹಿಡಿದರು. ಗಟ್ಟಿ ಕಲ್ಲಾದರೆ ಟಣ್ ಎನ್ನುತ್ತದೆ, ಒಳಬಿರುಕಿದ್ದರೆ ಮಂಕು.

ಕಲ್ಲು ಹೀಗೆ ಬಿಟ್ಟುಕೊಳ್ಳುವುದು ಕೆಸರಿನ ಪದರಗಳ ಗುಂಟ ಎಂದು ನಾವು ಅಂದುಕೊಳ್ಳುವುದು ಸಹಜ. 50 ಕೋಟಿ ವರ್ಷದ ಹಿಂದೆ ಸಮುದ್ರತಳದಲ್ಲಿ ಕೂತ ಕೆಸರೇನೋ ಹೌದು. ಆದರೆ ಆಮೇಲೆ ಭೂಖಂಡಗಳು ಒತ್ತಿಕೊಂಡಾಗ ಆ ಕೆಸರುಗಲ್ಲಿನ ಕಣಗಳೆಲ್ಲ ಒತ್ತಡಕ್ಕೆ ಅಡ್ಡವಾಗಿ ಮಲಗಿದವು. ಸೀಳು ಬರುವುದು ಆ ದಿಕ್ಕಿನಲ್ಲಿ. ಮೂಲ ಪದರಗಳು ಹೆಂಚಿನ ಮೇಲೆ ಓರೆಯಾದ ಬಣ್ಣದ ಪಟ್ಟಿಯಾಗಿ ಉಳಿದಿರುವುದೂ ಉಂಟು.

ಹೆಂಚಿನ ಅಳತೆಗಳಿಗೆ ಇಂಗ್ಲಿಷ್ ಅರಮನೆಯ ಹೆಂಗಸರ ಪಟ್ಟಗಳನ್ನು ಇಟ್ಟಿದ್ದಾರೆ. 24 ಅಂಗುಲಕ್ಕೆ 12 ಅಂಗುಲದ್ದು ಡಚೆಸ್, 20ಕ್ಕೆ 10ರದ್ದು ಕೌಂಟೆಸ್, 16ಕ್ಕೆ 8ರದ್ದು ಲೇಡಿ. ಎಣಿಕೆ ಇನ್ನೂ ಸ್ವಾರಸ್ಯ. ಮೂರು ಮೂರರಂತೆ ಎಣಿಸುವುದು, 120 ಆದರೆ ನೂರು, 1,200 ಆದರೆ ಸಾವಿರ. ಅದರ ಮೇಲೆ ದಾರಿಯಲ್ಲಿ ಒಡೆಯುವುದಕ್ಕೆಂದು ಇನ್ನಷ್ಟು. ಕೂಲಿ ಕೊಡುವ ಲೆಕ್ಕದಲ್ಲಿ ಸಾವಿರ ಉದ್ದವಾಗುವುದು ಯಾರಿಗೆ ಅನುಕೂಲ ಎಂದು ಕೇಳಬೇಕಾಗಿಲ್ಲ.

ಕೂಲಿಯ ಪದ್ಧತಿಯೂ ಹಾಗೆಯೇ. ತಿಂಗಳಿಗೊಮ್ಮೆ ಮೇಲ್ವಿಚಾರಕ ಬಂದು ಬಂಡೆಯ ಒಂದೊಂದು ತುಂಡನ್ನು ಒಂದೊಂದು ತಂಡಕ್ಕೆ ಗುತ್ತಿಗೆ ಕೊಡುತ್ತಿದ್ದ. ಇಬ್ಬರು ಬಂಡೆಯ ಮೇಲೆ, ಒಬ್ಬ ಸೀಳಲು, ಒಬ್ಬ ಅಂಚು ಕತ್ತರಿಸಲು, ಜೊತೆಗೊಬ್ಬ ಹುಡುಗ. ಬಂಡೆ ಒಳ್ಳೆಯದಿದ್ದರೆ ದರ ಕಡಿಮೆ, ಕೆಟ್ಟದಿದ್ದರೆ ಹೆಚ್ಚು. ಕಾಗದದ ಮೇಲೆ ನ್ಯಾಯವೇ. ಆದರೆ ಬಂಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವವನು ಅದೇ ಮೇಲ್ವಿಚಾರಕ. ಅವನ ಕೃಪೆ ಇದ್ದವನಿಗೆ ಒಂದು ಬಗೆಯ ತಿಂಗಳು, ಇಲ್ಲದವನಿಗೆ ಇನ್ನೊಂದು ಬಗೆಯದು. ಹಗ್ಗ, ಸಿಡಿಮದ್ದುಗಳ ಖರ್ಚೂ ತಂಡದ ಲೆಕ್ಕಕ್ಕೇ. ಬಂಡೆಯ ಮೇಲಿನವನು ಮೇಲಿಂದ ಇಳಿಬಿಟ್ಟ ಸರಪಳಿಯನ್ನು ತೊಡೆಗೆ ಸುತ್ತಿಕೊಂಡು ನೇತಾಡುತ್ತ, ಎರಡೂ ಕೈ ಬಿಟ್ಟು ಕುಳಿ ಹೊಡೆಯುತ್ತಿದ್ದ. ಮ್ಯೂಸಿಯಂನ ಹಳೆಯ ಫೋಟೋಗಳಲ್ಲಿ ಇಂಥವರನ್ನು ನೋಡಿದೆ. ತಲೆಗೆ ಗಟ್ಟಿ ಟೊಪ್ಪಿ, ಮೈಗೆ ಕೋಟು ವೇಸ್ಟ್‌ಕೋಟು. ಚರ್ಚಿಗೆ ಹೊರಟವರ ಹಾಗೆ ಕಾಣುತ್ತಾರೆ.

ಈ ಜನರನ್ನು ಕಲ್ಲುಕೂಲಿಗಳು ಎಂದಷ್ಟೇ ಎಣಿಸಿದರೆ ತಪ್ಪಾಗುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ‘ಕಾಬಾನ್’ ಎಂಬ ಕಲ್ಲಿನ ಗುಡಿಸಲು ಇರುತ್ತಿತ್ತು, ಬುತ್ತಿ ಬಿಚ್ಚುವ ಜಾಗ. ಮಧ್ಯಾಹ್ನದ ಅಷ್ಟು ಹೊತ್ತಿನಲ್ಲಿ ಅಲ್ಲಿ ಅಧ್ಯಕ್ಷರನ್ನು ಆರಿಸಿ, ಸಭೆ ನಡೆಸಿ, ಚರ್ಚಾಕೂಟ, ಪದ್ಯ ರಚನೆ, ಹಾಡಿನ ಸ್ಪರ್ಧೆ ಎಲ್ಲ ಮಾಡುತ್ತಿದ್ದರು. ಸ್ಲೇಟು ಸೀಮೆಯ ಕೆಲವು ಕಾಬಾನ್‌ಗಳ ನಡಾವಳಿ ಪುಸ್ತಕಗಳೂ ಉಳಿದಿವೆ. ಎಲ್ಲವೂ ವೆಲ್ಷ್ ಭಾಷೆಯಲ್ಲಿ. ಯಜಮಾನರದ್ದು ಇಂಗ್ಲಿಷ್, ಆಂಗ್ಲಿಕನ್ ಚರ್ಚು, ಟೋರಿ ಪಕ್ಷ. ಕೆಲಸಗಾರರದ್ದು ವೆಲ್ಷ್, ಆಂಗ್ಲಿಕನ್ ಚರ್ಚಿಗೆ ಸೇರದ ಚಾಪೆಲ್ಲು, ಲಿಬರಲ್ ಪಕ್ಷ. ಜಗಳ ಬರೀ ಕೂಲಿಯದ್ದಾಗಿರಲಿಲ್ಲ. 1874ರಲ್ಲಿ ಸಂಘ ಕಟ್ಟಿದರು. 1885-86ರಲ್ಲಿ ಡಿನಾರ್ವಿಗ್‌ಗೆ ಯಜಮಾನರೇ ಬೀಗ ಹಾಕಿದರು. ಬೆಥೆಸ್ಡಾದಲ್ಲಿ 1900ರಿಂದ 1903ರವರೆಗೆ, ಮೂರು ವರ್ಷ ಮುಷ್ಕರ ನಡೆದು ಊರೇ ಎರಡಾಯಿತು. ಮುಷ್ಕರ ಬಿಡದವರು ‘ಈ ಮನೆಯಲ್ಲಿ ದ್ರೋಹಿ ಇಲ್ಲ’ ಎಂದು ಬರೆದ ಚೀಟಿಯನ್ನು ಕಿಟಕಿಗೆ ಅಂಟಿಸಿಕೊಂಡಿದ್ದರು. ಇಂಥ ಜನ 1884ರಲ್ಲಿ ಬ್ಯಾಂಗರಿನಲ್ಲಿ ಕಾಲೇಜು ಶುರುವಾದಾಗ ತಮ್ಮ ಬಟವಾಡೆಯಿಂದ ಚಂದಾ ಎತ್ತಿಕೊಟ್ಟಿದ್ದಾರೆ.

ಕಾರ್ಯಾಗಾರದ ಹಿಂದಿನಿಂದ ಬೆಟ್ಟಕ್ಕೆ ಅಂಕುಡೊಂಕು ಕಾಲುದಾರಿ ಏರುತ್ತದೆ. ಮಳೆ ಜಿನುಗುತ್ತಿತ್ತು. ಒದ್ದೆಯಾದರೆ ಸ್ಲೇಟಿನ ನೇರಳೆ ಗಾಢವಾಗುತ್ತದೆ, ಕಾಲೂ ಜಾರುತ್ತದೆ. ಪಕ್ಕದಲ್ಲಿ ಟ್ರಾಲಿಗಳನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ ಇಳಿಜಾರು ಹಳಿ. ತುಂಬಿದ ಟ್ರಾಲಿ ಇಳಿಯುವ ಭಾರಕ್ಕೆ ಖಾಲಿ ಟ್ರಾಲಿ ಏರುತ್ತಿತ್ತು, ಬೇರೆ ಇಂಧನ ಬೇಡ. ಕೆಳಗೆ ಕೆರೆಯಂಚಿನಲ್ಲಿ ಅವನ್ನು ನಾಲ್ಕು ನಾಲ್ಕರಂತೆ ದೊಡ್ಡ ವ್ಯಾಗನ್ನಿನ ಬೆನ್ನಿಗೇರಿಸಿ, ಪಾಡಾರ್ನ್ ರೈಲಿನಲ್ಲಿ ಬಂದರಿಗೆ ಕಳಿಸುತ್ತಿದ್ದರು. ರೈಲು 1961ರಲ್ಲಿ ನಿಂತಿತು. ಹಾದಿಯ ಒಂದು ತುಣುಕಿನ ಮೇಲೆ 1971ರಿಂದ ಪ್ರವಾಸಿಗರ ರೈಲು ಓಡುತ್ತಿದೆ.

ಏರುದಾರಿಯ ಒಂದು ತಿರುವಿನಲ್ಲಿ ಓಕ್ ಮರಗಳ ನಡುವೆ ಎದುರುಬದುರಾಗಿ ಎರಡು ಸಾಲು ಮನೆಗಳು. ಸೂರಿಲ್ಲ, ಬರೀ ಗೋಡೆ. ಆಂಗಲ್ಸೀ ಬ್ಯಾರಕ್ಸ್ ಅಂತ ಹೆಸರು. ಸಾಲಿಗೆ ಹನ್ನೊಂದರಂತೆ ಒಟ್ಟು 22. ಆಂಗಲ್ಸೀ ದ್ವೀಪದ ಕೂಲಿಗಳು ಸೋಮವಾರ ಕೋಳಿ ಕೂಗುವ ಮುಂಚೆ ಮನೆ ಬಿಟ್ಟು, ಜಲಸಂಧಿ ದಾಟಿ ಬಂದು ಶನಿವಾರದವರೆಗೆ ಇಲ್ಲಿ ಉಳಿಯುತ್ತಿದ್ದರು. ಒಂದು ಮನೆಗೆ ಎರಡೇ ಕೋಣೆ, ನಾಲ್ಕು ಜನ. ನಾನು ಒಂದರೊಳಗೆ ಹೋಗಿ ಹೆಜ್ಜೆ ಹಾಕಿ ನೋಡಿದೆ. ಮಲಗುವ ಕೋಣೆಯಲ್ಲಿ ಮಂಚಗಳನ್ನು ಇಟ್ಟರೆ ನಿಲ್ಲಲು ಜಾಗ ಉಳಿಯುವುದಿಲ್ಲ. ಒಲೆಯ ಗೂಡು ಮಾತ್ರ ಚೆನ್ನಾಗಿದೆ, ಮಸಿಯ ಗುರುತು ಇನ್ನೂ ಇದೆ. ನಲ್ಲಿ ಇಲ್ಲ, ಕರೆಂಟಿಲ್ಲ. 1948ರಲ್ಲಿ ಆರೋಗ್ಯಾಧಿಕಾರಿ ಹೇಳದೆ ಕೇಳದೆ ಬಂದು ನೋಡಿ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದ. ಜಗತ್ತಿಗೆಲ್ಲ ಸೂರು ಕೊಟ್ಟವರ ಮನೆಗೆ ಸೂರಿಲ್ಲ ಎಂದು ವ್ಯಂಗ್ಯವಾಡುವುದು ಸುಲಭ. ನನಗೆ ಬೇಜಾರಾದದ್ದು ಸೂರು ಇದ್ದ ಕಾಲದ ಬಗ್ಗೆ. 1948 ಅಂದರೆ ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ. ಸಾಮ್ರಾಜ್ಯದ ಹೊಟ್ಟೆಯೊಳಗೂ ಜನ ಹೀಗೆ ಬದುಕುತ್ತಿದ್ದರು.

ಕಾರ್ಯಾಗಾರದಿಂದ ತುಸು ದೂರದಲ್ಲಿ, ಕೆರೆ ಕಾಣುವ ಎತ್ತರದಲ್ಲಿ, ಕ್ವಾರಿಯ ಆಸ್ಪತ್ರೆ. 1860ರದ್ದು. ಇದರ ಸರ್ಜನ್ನರಲ್ಲಿ ಒಬ್ಬರಾದ ಮಿಲ್ಸ್ ರಾಬರ್ಟ್ಸ್ ವೇಲ್ಸ್ ತಂಡದ ಫುಟ್‌ಬಾಲ್ ಗೋಲ್‌ಕೀಪರ್. 1889ರಲ್ಲಿ ಎಫ್.ಎ. ಕಪ್ ಗೆದ್ದ ಪ್ರೆಸ್ಟನ್ ತಂಡದ ಗೋಲು ಕಾದವರು ಇವರೇ. ಇಲ್ಲಿ ಜಜ್ಜಿದ ಕೈ, ಮುರಿದ ಕಾಲುಗಳಿಗೆ ಒಳ್ಳೆಯ ಚಿಕಿತ್ಸೆ ಇತ್ತು. ಇಲ್ಲದೆ ಹೋದದ್ದು ಧೂಳಿಗೆ. ಸ್ಲೇಟು ಸೀಳುವ, ಗರಗಸದಿಂದ ಕೊಯ್ಯುವ ಶೆಡ್ಡುಗಳಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುತ್ತದೆ. ನಮ್ಮ ಕೆಜಿಎಫ್ ಗಣಿಗಾರರನ್ನು ತಿಂದದ್ದೂ ಇದೇ ಸಿಲಿಕೋಸಿಸ್. ಸ್ಲೇಟು ಸೀಮೆಯಲ್ಲಿ ಕಂಪನಿ ಪರ ವೈದ್ಯರು ಬಹಳ ಕಾಲ ಧೂಳಿನಿಂದ ತೊಂದರೆಯಿಲ್ಲ ಎಂದೇ ವಾದಿಸಿದರು. ಹಾಗಾದರೆ ಇವರ ಆರೋಗ್ಯ ಯಾಕೆ ಕೆಡುತ್ತದೆ? ಕಾಬಾನ್‌ನಲ್ಲಿ ಬೆಳಗಿನಿಂದ ಕುದಿಸಿಟ್ಟ ಚಹಾ ಕುಡಿದು! ಉಸಿರು ಹತ್ತದೆ ಏದುವವನಿಗೆ ಚಹಾ ಬಿಡು ಎಂದು ಬುದ್ಧಿ ಹೇಳಿದ ವೈದ್ಯಶಾಸ್ತ್ರವನ್ನು ನಾನು ಕ್ಷಮಿಸಲಾರೆ.

ಪರಿಹಾರದ ಕಾನೂನು ಬಂದದ್ದು 1979ರಲ್ಲಿ, ಅದೂ ಒಂದು ವಿಚಿತ್ರ ಸಂದರ್ಭದಲ್ಲಿ. ಲೇಬರ್ ಪ್ರಧಾನಿ ಕ್ಯಾಲಹನ್ ಸರ್ಕಾರಕ್ಕೆ ಬಹುಮತವಿರಲಿಲ್ಲ. ಅವಿಶ್ವಾಸ ನಿರ್ಣಯ ಎದುರಾದಾಗ ವೇಲ್ಸಿನ ಪ್ಲೈಡ್ ಕಮ್ರಿ ಪಕ್ಷದ ಮೂವರು ಸಂಸದರು, ಸ್ಲೇಟು ಕಾರ್ಮಿಕರಿಗೆ ಪರಿಹಾರ ಕೊಡುವುದಾದರೆ ನಮ್ಮ ಮತ ನಿಮಗೆ ಎಂದರು. ಅದರಲ್ಲಿ ಇಬ್ಬರು ಸ್ಲೇಟು ಸೀಮೆಯಿಂದಲೇ ಗೆದ್ದವರು. ಮಾರ್ಚ್ 28ರಂದು ಸರ್ಕಾರ 310-311, ಒಂದೇ ಮತದಿಂದ ಬಿತ್ತು, ಥ್ಯಾಚರ್ ಯುಗಕ್ಕೆ ದಾರಿಯಾಯಿತು. ಆದರೆ ಬೀಳುವ ಸರ್ಕಾರ ಕೊಟ್ಟ ಮಾತು ಉಳಿಸಿಕೊಂಡು ಹೋಯಿತು. ಕಾನೂನು ಬರುವ ಹೊತ್ತಿಗೆ ಡಿನಾರ್ವಿಗ್ ಮುಚ್ಚಿ ಹತ್ತು ವರ್ಷ.

ಮುಚ್ಚಿದ್ದಕ್ಕೆ ಕಾರಣ ಒಂದೆರಡಲ್ಲ. ಸುಟ್ಟ ಮಣ್ಣಿನ ಹೆಂಚು, ಕಾಂಕ್ರೀಟ್ ಹೆಂಚು ಅಗ್ಗವಾದವು. ಎಷ್ಟೋ ವರ್ಷ ಎಲ್ಲೆಂದರಲ್ಲಿ ಕಸ ಸುರಿದು, ಅಡ್ಡಾದಿಡ್ಡಿ ಕಡಿದು, ಬೆಟ್ಟ ಸಡಿಲಾಗಿತ್ತು. 1966ರಲ್ಲಿ ದೊಡ್ಡ ಕುಸಿತವಾಯಿತು. 1969ರ ಜುಲೈ 1ರಂದು ಏಳೆಂಟು ಮೈಲಿ ದೂರದ ಕಾರ್ನಾರ್ವನ್ ಕೋಟೆಯಲ್ಲಿ ಚಾರ್ಲ್ಸ್‌ಗೆ ವೇಲ್ಸಿನ ರಾಜಕುಮಾರನ ಪಟ್ಟ ಕಟ್ಟಿದರು. ವೇದಿಕೆಯೂ ಸಿಂಹಾಸನವೂ ವೇಲ್ಸಿನ ಸ್ಲೇಟಿನವು, ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಆಗಸ್ಟ್‌ನಲ್ಲಿ ಡಿನಾರ್ವಿಗ್ ಬಾಗಿಲು ಹಾಕಿತು. ವರ್ಷದ ಕೊನೆಗೆ ಸಾಮಾನೆಲ್ಲ ಹರಾಜಾಯಿತು. ಕಾರ್ಯಾಗಾರದ ಯಂತ್ರಗಳೂ ಹಳೆ ಕಬ್ಬಿಣಕ್ಕೆ ಹೋಗುವುದರಲ್ಲಿದ್ದವು. ತಿಳಿದವರು ಅಡ್ಡ ಬಂದು ತಡೆದರು, 1972ರಲ್ಲಿ ಮ್ಯೂಸಿಯಂ ಆಯಿತು. ಅವಸರವೇ ಒಳ್ಳೆಯದಾಯಿತು ಎನ್ನಬೇಕು. ಬಳಸುತ್ತಿದ್ದವರು ಬದುಕಿದ್ದಾಗಲೇ ಉಪಕರಣಗಳು ಉಳಿದಿದ್ದರಿಂದ, ಅವನ್ನು ಹಿಡಿಯುವ ಬಗೆಯೂ ಉಳಿಯಿತು.

ಬೆಟ್ಟಕ್ಕೆ ಆಮೇಲೂ ಬಿಡುವಿಲ್ಲ. 1974ರಿಂದ 1984ರವರೆಗೆ ಅದರ ಹೊಟ್ಟೆಯನ್ನು ಕೊರೆದು 16 ಕಿಲೋಮೀಟರ್ ಸುರಂಗ ಮಾಡಿ, 1,728 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರ ಕಟ್ಟಿದರು. ರಾತ್ರಿ ಅಗ್ಗದ ಕರೆಂಟಿನಿಂದ ಕೆಳಗಿನ ಪೆರಿಸ್ ಕೆರೆಯ ನೀರನ್ನು ಮೇಲಿನ ಮಾರ್ಖ್‌ಲಿನ್ ಕೆರೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು. ಕೆಲವೇ ಸೆಕೆಂಡಿನಲ್ಲಿ ಕರೆಂಟು ಸಿದ್ಧ. ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ದೇಶದ ಕೆಟಲುಗಳೆಲ್ಲ ಒಟ್ಟಿಗೆ ಆನ್ ಆದಾಗ ಕೈಹಿಡಿಯುವುದು ಇದೇ. ಮತ್ತೆ ಚಹಾ! ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಮಾಡಹೊರಟಿರುವುದೂ ಇದೇ ತಂತ್ರ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಇಲ್ಲಿ ಆಗಲೇ ಕಡಿದು ಹಾಳಾಗಿದ್ದ ಬೆಟ್ಟವನ್ನು ಬಳಸಿ ಇಡೀ ಯಂತ್ರಾಗಾರವನ್ನು ನೆಲದೊಳಗೆ ಅಡಗಿಸಿದರು. ಅಲ್ಲಿರುವುದು ಸಿಂಗಳೀಕಗಳು ಓಡಾಡುವ ಜೀವಂತ ಮಳೆಕಾಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೇಲಿನ ಮೆಟ್ಟಿಲುಗಳಿಗೆ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ ಅಂತೆಲ್ಲ ಹೆಸರು. ಸಾರ್ವಜನಿಕರ ದಾರಿಗೆ ಎರಡೂ ಬದಿ ಬೇಲಿ. ಬೇಲಿಯಾಚೆ 1980ರ ದಶಕದಿಂದ ಬಂಡೆ ಹತ್ತುವವರ ರಾಜ್ಯ. ನುಣುಪು ಸ್ಲೇಟಿನಲ್ಲಿ ಬೆರಳ ತುದಿ ಊರುವಷ್ಟೇ ಹಿಡಿ ಸಿಗುತ್ತದಂತೆ. ದಾರಿಯಲ್ಲಿ ಸಿಕ್ಕ ಬಂಡೆ ಹತ್ತುವವನೊಬ್ಬ ಮೇಲಿನ ಒಂದು ಕಾಬಾನ್‌ನ ಫೋಟೋ ತೋರಿಸಿದ. ಗೋಡೆಯ ಗೂಟಗಳಿಗೆ ನೇತುಹಾಕಿದ ಕೋಟುಗಳು, ಕೆಳಗೆ ಬೂಟುಗಳು. ಬಟ್ಟೆ ಪಾಚಿಗಟ್ಟಿ ಹಸುರಾಗಿದೆ.

2021ರ ಜುಲೈನಲ್ಲಿ ವಾಯವ್ಯ ವೇಲ್ಸಿನ ಸ್ಲೇಟು ಭೂದೃಶ್ಯ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ಪಟ್ಟಿಯ ಬಗ್ಗೆ ನನಗೆ ಅಷ್ಟೇನೂ ಭಕ್ತಿಯಿಲ್ಲ. ಫಲಕ ಬಂದ ಕಡೆಯೆಲ್ಲ ಕಾಫಿ ಅಂಗಡಿಯೂ ಬರುತ್ತದೆ. ಆದರೆ ಕೋಟೆ, ದೇಗುಲಗಳ ಪಕ್ಕದಲ್ಲಿ ಒಂದು ಕಸದ ರಾಶಿಗೂ ಜಾಗ ಸಿಕ್ಕಿತಲ್ಲ, ಅದು ಸರಿಯಾದದ್ದೇ.

ಹೋಗುವವರಿದ್ದರೆ ಒಂದು ಮಾತು. ಸ್ನೋಡನ್ ರೈಲಿನ ಟಿಕೆಟ್ ಸಿಗದಿದ್ದರೆ ಬೇಸರ ಬೇಡ, ಕೆರೆಯ ಆಚೆ ದಂಡೆಗೆ ಹೋಗಿ. ಎಲ್ಲರೂ ಮೊದಲು ಕಾರ್ಯಾಗಾರ ನೋಡಿ, ನೀರುಚಕ್ರಕ್ಕೆ ಬೆರಗಾಗಿ, ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ನೀವು ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಬ್ಯಾರಕ್ಸ್ ಹತ್ತಿ, ಕಡೆಗೆ ಕಾರ್ಯಾಗಾರಕ್ಕೆ ಬನ್ನಿ. ಮ್ಯೂಸಿಯಂ 2024ರ ನವೆಂಬರಿನಲ್ಲಿ ನವೀಕರಣಕ್ಕೆ ಮುಚ್ಚಿತು, ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಒಳ್ಳೆಯ ಹಿಡಿತದ ಬೂಟು ಹಾಕಿಕೊಳ್ಳಿ, ಮಳೆಕೋಟು ಮರೆಯಬೇಡಿ. ಯಾರು ಕರೆದರೂ ಬೇಲಿ ದಾಟಬೇಡಿ, ಅಲ್ಲಿನ ಕಲ್ಲು ಇನ್ನೂ ಕುಸಿಯುತ್ತಿದೆ.